ಜಡ ಅಂದ್ರೆ ಭಾರ, ಅಕ್ಕೋರೆ

ಒಂಬತ್ತನೇ ಕ್ಲಾಸಿನ ಕಿರುಪರೀಕ್ಷೆ. "ಜಡತ್ವ ಎಂದರೇನು? ಒಂದು ಉದಾಹರಣೆ ಕೊಡಿ." ಎರಡು ಅಂಕ. ನಿಂತದ್ದು ನಿಂತೇ ಇರಲು, ಚಲಿಸುವುದು ಚಲಿಸುತ್ತಲೇ ಇರಲು ನೋಡುವ ಗುಣ ಅನ್ನುವುದು ಪುಸ್ತಕದ ಉತ್ತರ. ಹಿಂದಿನ ಬೆಂಚಿನ ಹುಡುಗನೊಬ್ಬ ಹೀಗೆ ಬರೆದಿದ್ದ: "ಜಡತ್ವ ಎಂದರೆ ವಸ್ತು ಜಡ ಇರುವುದು. ದೊಡ್ಡ ಬೋಟು ಜಡ ಇರುತ್ತದೆ. ಸಣ್ಣ ಪಾತಿ ಜಡ ಇರುವುದಿಲ್ಲ."

ಕೇಳಿದ ಶಬ್ದವನ್ನೇ ಹೊರಳಿಸಿ ಮರಳಿಸಿ ಬರೆದಿದ್ದಾನೆ, ಸುಮ್ನೆ ಜಾಗ ತುಂಬಿಸಿದ್ದಾನೆ ಅನಿಸಿತು. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಕಟ್ಟಿನಲ್ಲಿ ಇನ್ನೂ ಮೂವತ್ತು ಪೇಪರ್ ಬಾಕಿ ಇದ್ದವು. ಮರುದಿನ ಪೇಪರ್ ಹಂಚಿದಾಗ ಅವನು ನೋಡಿದ, ಮಡಚಿದ, ಚೀಲದೊಳಗೆ ಹಾಕಿಕೊಂಡ. ಯಾಕೆ ಸೊನ್ನೆ ಅಂತ ಕೇಳಲು ಬರಲಿಲ್ಲ.

ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಕಾರವಾರದ ಬೈತಖೋಲ್ ಬಂದರಿಗೆ ಹೋಗಿದ್ದೆ. ಮೀನು ತಿನ್ನದ ಘಟ್ಟದ ಮೇಲಿನವಳಿಗೆ ಬಂದರಿನಲ್ಲಿ ಎಂತ ಕೆಲಸ ಅಂತ ಕೇಳಬೇಡಿ. ನಮ್ಮ ಶಾಲೆಯ ಇನ್ನೊಬ್ಬ ಟೀಚರಿಗೆ ಬಾಂಗಡೆ ಬೇಕಿತ್ತು, ನಾನು ಜೊತೆಗೆ ಹೋದೆ. ಇಬ್ಬರು ಒಂದು ಕ್ರೇಟ್ ಎತ್ತುತ್ತಿದ್ದರು. ಒಬ್ಬ ಹಲ್ಲು ಕಚ್ಚಿ "ಜಡ ಆಸಾ, ಜಡ ಆಸಾ" ಅಂದ. ನನಗೆ ಆ ಶಬ್ದ ಕಿವಿಗೆ ಚುಚ್ಚಿದ ಹಾಗಾಯಿತು. ಏನಂತೆ ಅಂತ ಪಕ್ಕದವರನ್ನು ಕೇಳಿದೆ. "ಭಾರ ಉಂಟು ಅಂತ. ಜಡ ಅಂದ್ರೆ ಭಾರ ಅಲ್ವಾ. ಇಷ್ಟು ವರ್ಷ ಕಾರವಾರದಲ್ಲಿದ್ದು ಇದೂ ಗೊತ್ತಿಲ್ವಾ ನಿಮ್ಗೆ?" ಅಂದರು.

ಗೊತ್ತಿರಲಿಲ್ಲ. ಆರು ವರ್ಷ.

ಕನ್ನಡದಲ್ಲಿ ಜಡ ಅಂದರೆ ಚುರುಕಿಲ್ಲದ್ದು, ಜೀವ ಇಲ್ಲದ್ದು. ಮಳೆಗಾಲದ ಮಧ್ಯಾಹ್ನ ಮೈ ಜಡವಾಗುತ್ತದಲ್ಲ, ಅದು. ಕೊಂಕಣಿಯಲ್ಲಿ, ಮರಾಠಿಯಲ್ಲಿ ಜಡ ಅಂದರೆ ಎತ್ತಲು ಕಷ್ಟವಾದದ್ದು. ಮೂಲ ಒಂದೇ ಸಂಸ್ಕೃತ ಶಬ್ದ, ಆದರೆ ಒಂದೊಂದು ಮನೆಯಲ್ಲಿ ಒಂದೊಂದು ಸಂಸಾರ ಹೂಡಿದೆ. ಆ ಹುಡುಗ ಬರೆದದ್ದು ಕನ್ನಡ ಅಕ್ಷರದಲ್ಲಿ, ಯೋಚಿಸಿದ್ದು ಕೊಂಕಣಿಯಲ್ಲಿ. ಈಗ ಅವನ ವಾಕ್ಯ ಮತ್ತೆ ಓದಿ ನೋಡಿ. ದೊಡ್ಡ ಬೋಟು ಭಾರ, ಸಣ್ಣ ಪಾತಿ ದೋಣಿ ಭಾರ ಅಲ್ಲ, ಜಡತ್ವ ಅಂದರೆ ಅದು. ಪಾಠದಲ್ಲಿ ಜಡತ್ವದ ವ್ಯಾಖ್ಯೆ ಮುಗಿದು ಒಂದೆರಡು ಪ್ಯಾರಾ ಆದಮೇಲೆ ಇದೇ ಮಾತು ಬರುತ್ತದೆ: ಜಡತ್ವದ ಅಳತೆಯೇ ದ್ರವ್ಯರಾಶಿ. ಹೆಚ್ಚು ದ್ರವ್ಯರಾಶಿ ಇದ್ದದ್ದನ್ನು ಹೊರಡಿಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ. ಅವನು ವ್ಯಾಖ್ಯೆ ಬಿಟ್ಟು ನೇರವಾಗಿ ಅಲ್ಲಿಗೆ ಹೋಗಿದ್ದ. ಪೂರ್ತಿ ಸರಿ ಅಲ್ಲ ಒಪ್ಪುತ್ತೇನೆ. ಸೊನ್ನೆ ಅಂತೂ ಅಲ್ಲ.

ಅವತ್ತು ಬಂದರಿನಲ್ಲೇ ಸ್ವಲ್ಪ ಹೊತ್ತು ನಿಂತು ಬೋಟು ಬರುವುದನ್ನು ನೋಡಿದೆ. ದೊಡ್ಡ ಬೋಟಿನವರು ದಕ್ಕೆ ಇನ್ನೂ ದೂರ ಇರುವಾಗಲೇ ಇಂಜಿನ್ ತಗ್ಗಿಸುತ್ತಾರೆ. ಆದರೂ ಅದು ಬರುತ್ತಲೇ ಇರುತ್ತದೆ. ದಕ್ಕೆಯ ಗೋಡೆಗೆ ಹಳೇ ಟಯರ್ ಕಟ್ಟಿರುತ್ತಾರೆ, ಹಗ್ಗ ಎಸೆದು ಕಂಬಕ್ಕೆ ಸುತ್ತುತ್ತಾರೆ, ಹಗ್ಗ ಕಿರುಗುಟ್ಟುತ್ತದೆ. ಸಣ್ಣ ಪಾತಿಯಾದರೆ ಒಬ್ಬ ಕಾಲು ಚಾಚಿ ನಿಲ್ಲಿಸಿಬಿಡುತ್ತಾನೆ. ನಾನು ಕ್ಲಾಸಿನಲ್ಲಿ ಮಾಡಿ ತೋರಿಸಿದ್ದು ಲೋಟದ ಮೇಲೆ ಕಾರ್ಡು, ಕಾರ್ಡಿನ ಮೇಲೆ ನಾಣ್ಯ. ಬೆರಳಿಂದ ಕಾರ್ಡು ಹಾರಿಸಿದರೆ ನಾಣ್ಯ ಲೋಟದೊಳಗೆ ಟಣ್ ಅಂತ ಬೀಳುತ್ತದೆ. ಚೆನ್ನಾಗಿದೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ಆದರೆ ಮನೆಯಲ್ಲಿ ದಿನಾ ಬೋಟು ನಿಲ್ಲಿಸುವವರ ಮಕ್ಕಳಿಗೆ ನಾನು ತೋರಿಸಿದ್ದು ಮ್ಯಾಜಿಕ್ ಅಷ್ಟೇ.

ನಮ್ಮ ಕ್ಲಾಸಿನ ಲೆಕ್ಕ ಹೇಳುತ್ತೇನೆ. ಹಾಜರಿ ಪುಸ್ತಕದ ಪ್ರಕಾರ ಇದು ಕನ್ನಡ ಮಾಧ್ಯಮ. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಮಾತು ಕೊಂಕಣಿ. ಅದರಲ್ಲೂ ಕೇರಿಗೊಂದು ರಾಗ. ಕೆಲವರದ್ದು ಮರಾಠಿ, ಒಂದಿಬ್ಬರದ್ದು ಉರ್ದು. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ವಿಜಯಪುರ, ಕೊಪ್ಪಳದ ಕಡೆಯವರು. ಅವರದ್ದು ಕನ್ನಡವೇ, ಆದರೆ ಅವರ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಇರುವ ದೂರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೀಚರ್ ಶಿರಸಿ ಕಡೆಯ ಹವ್ಯಕರವಳು. ಕನ್ನಡ ಮಾಧ್ಯಮ ಅನ್ನುವ ಒಂದು ಹಣೆಪಟ್ಟಿಯ ಕೆಳಗೆ ಇಷ್ಟೆಲ್ಲ ಉಂಟು.

ನನ್ನ ಕಥೆಯೂ ಬೇರೆ ಏನಲ್ಲ. ಒಂದನೇ ಕ್ಲಾಸಿನಲ್ಲಿ ಮಾಸ್ತರು ಏನೋ ಕೇಳಿದಾಗ "ಯಂಗೆ ಗೊತ್ತಿಲ್ಲೆ" ಅಂದಿದ್ದೆ. "ನನಗೆ ಗೊತ್ತಿಲ್ಲ ಅನ್ನು" ಅಂತ ತಿದ್ದಿದರು. ಗೊತ್ತಿಲ್ಲ ಅನ್ನುವುದನ್ನೂ ಸರಿಯಾಗಿ ಹೇಳಲು ಕಲಿಯಬೇಕಿತ್ತು! ಆಮೇಲೆ ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಮುಗಿಸಿ ಪಿಯುಸಿ ಸೈನ್ಸಿಗೆ ಸೇರಿದಾಗ ಎಲ್ಲವೂ ಇಂಗ್ಲಿಷ್. ಮೊಮೆಂಟಮ್ ಅಂದರೇನು ಅಂತ ಲೆಕ್ಚರರ್ ನಿಲ್ಲಿಸಿ ಕೇಳಿದರು. ಸಂವೇಗ ನನಗೆ ಚೆನ್ನಾಗಿ ಗೊತ್ತಿತ್ತು, ಲೆಕ್ಕ ಕೂಡ ಮಾಡುತ್ತಿದ್ದೆ. ಮೊಮೆಂಟಮ್ ಅಂದರೆ ಅದೇ ಅಂತ ಗೊತ್ತಿರಲಿಲ್ಲ. ನಿಂತೇ ಇದ್ದೆ. ದಡ್ಡಿ ಅಂದುಕೊಂಡರೋ ಏನೋ.

ಇದಕ್ಕೂ ಮೊದಲಿನ ಇನ್ನೊಂದು ಸಂಗತಿ ಈಗ ನೆನೆಸಿಕೊಂಡರೆ ಜಾಸ್ತಿ ಬೇಜಾರಾಗುತ್ತದೆ. ನಮ್ಮನೆಯಲ್ಲಿ ಆಲೆಮನೆಯ ಜೋನಿ ಬೆಲ್ಲ ಡಬ್ಬಿಯಲ್ಲಿ ತುಂಬಿಡುತ್ತಿದ್ದೆವು. ತಿಂಗಳು ಕಳೆದರೆ ತಳದಲ್ಲಿ ರವೆರವೆಯಾಗಿ ಹರಳು ಕಟ್ಟುತ್ತಿತ್ತು. ಅದನ್ನು ಬೆರಳಲ್ಲಿ ತೆಗೆದು ತಿನ್ನುವುದಕ್ಕೇ ನಾವು ಕಾಯುತ್ತಿದ್ದದ್ದು. ಶಾಲೆಯಲ್ಲಿ "ಪರ್ಯಾಪ್ತ ದ್ರಾವಣ" (ಇನ್ನಷ್ಟು ಹಾಕಿದರೆ ಕರಗದೆ ಉಳಿಯುವಂಥ ದ್ರಾವಣ) ಬಾಯಿಪಾಠ ಮಾಡಿದೆ, ಅಂಕವೂ ಬಂತು. ಆ ಶಬ್ದಕ್ಕೂ ಡಬ್ಬಿಯ ತಳಕ್ಕೂ ಸಂಬಂಧ ಉಂಟು ಅಂತ ಹೊಳೆದದ್ದು ಟೀಚರ್ ಆದ ಮೇಲೆ.

ಬಂದರಿನಿಂದ ಬಂದ ಮೇಲೆ ಒಂದಿಷ್ಟು ಓದಿದೆ. ಬೇರೆ ಭಾಷೆಯ ಮನೆಯಿಂದ ಬಂದ ಮಕ್ಕಳಿಗೆ ವಿಜ್ಞಾನ ಕಲಿಸುವ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ಸುಮಾರು ಕೆಲಸ ನಡೆದಿದೆ. ಮೊದಲು ಸಿಕ್ಕಿದ್ದು ಕೆನಡಾದ ಜಿಮ್ ಕಮಿನ್ಸ್. 1979ರಲ್ಲಿ ಅವರು ಒಂದು ಸರಳ ಭೇದ ಮಾಡಿದರು. ಆಟದ ಬಯಲಿನ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಹೊಸ ಭಾಷೆಯಲ್ಲಿ ಮಾತಾಡಲು ಮಗುವಿಗೆ ಸುಮಾರು ಎರಡು ವರ್ಷ ಸಾಕು. ಅದೇ ಭಾಷೆಯಲ್ಲಿ ಪಾಠ ಓದಿ, ವಾದಿಸಿ, ಬರೆಯುವಷ್ಟು ಆಗಲು ಐದರಿಂದ ಏಳು ವರ್ಷ ಬೇಕು. ಈ ಭೇದ ಇಷ್ಟು ಕಡ್ಡಿ ಮುರಿದ ಹಾಗೆ ಇಲ್ಲ ಅಂತ ಜಗಳ ಮಾಡಿದವರೂ ಇದ್ದಾರೆ. ಆದರೆ ನನ್ನ ಹುಡುಗನಿಗೆ ಇದು ಸರಿಯಾಗಿ ಹೊಂದುತ್ತದೆ. ಅವನು ಕ್ರಿಕೆಟ್ ಆಡುವಾಗ ಕನ್ನಡದಲ್ಲಿ ಜಗಳ ಮಾಡುವುದು ಕೇಳಿ ಇವನಿಗೆ ಕನ್ನಡ ಬರುತ್ತದೆ ಅಂತ ನಾನು ತೀರ್ಮಾನ ಮಾಡಿದ್ದೆ. ಹಾಗಾಗಿ ಉತ್ತರ ತಪ್ಪಾದಾಗ ಭಾಷೆಯ ಮೇಲೆ ಅನುಮಾನ ಬರಲೇ ಇಲ್ಲ, ತಲೆಯ ಮೇಲೆ ಬಂತು.

ನನಗೆ ತುಂಬಾ ಹಿಡಿಸಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ನೀರಿನ ಕಥೆ. ಹೈಟಿ ದೇಶದಿಂದ ಬಂದ ಕುಟುಂಬಗಳ ಮಕ್ಕಳು. ಮನೆಮಾತು ಹೈಟಿಯ ಕ್ರಿಯೋಲ್. ಏಳನೇ, ಎಂಟನೇ ಕ್ಲಾಸು. ಆನ್ ರೋಸ್‌ಬೆರಿ, ಬೆತ್ ವಾರೆನ್ ಮತ್ತು ಜೊತೆಯವರು ಅವರ ಕ್ಲಾಸಿನಲ್ಲಿ ಕೂತು ನೋಡಿ 1992ರಲ್ಲಿ ಬರೆದರು. ಯೋಜನೆಗೆ ಇಟ್ಟ ಹೆಸರೂ ಕ್ರಿಯೋಲ್ ಭಾಷೆಯದ್ದೇ, ತಿಳಿವಳಿಕೆಯನ್ನು ಹುಡುಕುವುದು ಅಂತ ಅರ್ಥ. ಆ ಶಾಲೆಯಲ್ಲಿ ಮಹಡಿಗೊಂದು ಕುಡಿಯುವ ನೀರಿನ ನಲ್ಲಿ. ಮೂರನೇ ಮಹಡಿ ದೊಡ್ಡ ಮಕ್ಕಳದ್ದು. ಅಲ್ಲಿಯ ನೀರೇ ಒಳ್ಳೆಯದು, ಕೆಳಗಿನದ್ದು ಸಣ್ಣ ಮಕ್ಕಳು ಜೊಲ್ಲು ಸುರಿಸಿದ್ದು ಅಂತ ಇವರ ಗಟ್ಟಿ ನಂಬಿಕೆ. ನಮ್ಮಲ್ಲೂ ಹತ್ತನೇ ಕ್ಲಾಸಿನವರು ಹೀಗೇ ಅಲ್ವಾ? ಸರಿ, ಯಾವ ನಲ್ಲಿಯದ್ದು ಅಂತ ಹೇಳದೆ ಕುಡಿಸಿ ನೋಡಿದರು. ಹೆಚ್ಚಿನವರು ಚೆನ್ನಾಗಿದೆ ಅಂದದ್ದು ಒಂದನೇ ಮಹಡಿಯ ನೀರನ್ನು!

ಮಕ್ಕಳು ಒಪ್ಪಲಿಲ್ಲ. ಇನ್ನೂ ಜಾಸ್ತಿ ಜನರಿಗೆ ಕುಡಿಸಿದರು. ಉತ್ತರ ಅದೇ. ಆಮೇಲೆ ಯಾಕೆ ಅಂತ ಹುಡುಕಲು ಹೊರಟರು. ಆಮ್ಲೀಯತೆ, ಉಪ್ಪು, ಉಷ್ಣತೆ, ಬ್ಯಾಕ್ಟೀರಿಯಾ ಎಲ್ಲ ಅಳೆದರು. ಒಂದನೇ ಮಹಡಿಯ ನೀರು ಉಳಿದದ್ದಕ್ಕಿಂತ 20 ಡಿಗ್ರಿ ಫ್ಯಾರನ್‌ಹೀಟ್ ತಣ್ಣಗಿತ್ತು. ನೆಲದೊಳಗಿನ ಪೈಪಿನಲ್ಲಿ ತಣ್ಣಗಾದ ನೀರು ಮೇಲೇರುತ್ತಾ ಬಿಸಿಯಾಗುತ್ತದೆ ಅಂತ ಮಕ್ಕಳೇ ಊಹಿಸಿದರು. ಬ್ಯಾಕ್ಟೀರಿಯಾ ಮಾತ್ರ ಎಲ್ಲ ನಲ್ಲಿಗಳಲ್ಲೂ ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು, ಪಾಪ. ಈ ವಾದ, ಅನುಮಾನ, ಊಹೆಯಲ್ಲಿ ಮನೆಯ ಕ್ರಿಯೋಲ್‌ಗೆ ಜಾಗ ಇತ್ತು. ಮೊದಲು ಇಂಗ್ಲಿಷ್ ಸರಿ ಮಾಡಿಕೊಂಡು ಬನ್ನಿ, ಆಮೇಲೆ ವಿಜ್ಞಾನ ಮಾಡೋಣ ಅಂತ ಯಾರೂ ಬಾಗಿಲಲ್ಲಿ ತಡೆದಿರಲಿಲ್ಲ. ನಾನು ತಡೆದಿದ್ದೆ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಇನ್ನೊಂದು ಸಣ್ಣ ಸಂಶೋಧನೆ ನೇರವಾಗಿ ನನ್ನ ಕೆಲಸಕ್ಕೆ ಬಂತು. ಬ್ರಯಾನ್ ಬ್ರೌನ್ ಮತ್ತು ಕಿಹ್ಯುನ್ ರ್ಯೂ 2008ರಲ್ಲಿ ಪ್ರಕಟಿಸಿದ್ದು. ಐದನೇ ಕ್ಲಾಸಿನ ಮಕ್ಕಳನ್ನು ಎರಡು ಗುಂಪು ಮಾಡಿ ಗಿಡ ಆಹಾರ ಮಾಡಿಕೊಳ್ಳುವ ಪಾಠ ಕಲಿಸಿದರು. ಒಂದು ಗುಂಪಿಗೆ ಮೊದಲಿಂದಲೇ ವಿಜ್ಞಾನದ ಶಬ್ದಗಳು. ಇನ್ನೊಂದಕ್ಕೆ ಮೊದಲು ದಿನಬಳಕೆಯ ಮಾತಿನಲ್ಲಿ ವಿಷಯ, ಆಮೇಲೆ ಶಬ್ದ. ಎರಡನೇ ಗುಂಪಿಗೇ ಚೆನ್ನಾಗಿ ಅರ್ಥವಾಗಿತ್ತು. ನಾವು ಮಾಡುವುದು ತಿರುಗುಮುರುಗು. ಬೋರ್ಡಿನ ಮೇಲೆ "ದ್ಯುತಿಸಂಶ್ಲೇಷಣೆ" ಅಂತ ಬರೆದೇ ಪಾಠ ಶುರು. ಅರ್ಧ ಪೀರಿಯಡ್ ಅದರ ಒತ್ತಕ್ಷರ ತಿದ್ದುವುದರಲ್ಲೇ ಹೋಗುತ್ತದೆ. ಸಾಂದ್ರತೆ ಒಂದು ಪಾಠದಲ್ಲಿ, ಸಾಂದ್ರೀಕರಣ ಇನ್ನೊಂದರಲ್ಲಿ. ಮೊದಲನೆಯದು ಎಷ್ಟು ಒತ್ತೊತ್ತಾಗಿದೆ ಅನ್ನುವುದು, ಎರಡನೆಯದು ಆವಿ ನೀರಾಗುವುದು. ಎರಡೂ ಒಂದೇ ಅಂತ ಮಕ್ಕಳು ಬರೆದರೆ ತಪ್ಪು ಯಾರದ್ದು?

ಹಾಗಾಗಿ ಆವೀಕರಣದ ಪಾಠವನ್ನು ಈ ಸಲ ಬೇರೆ ರೀತಿ ಮಾಡಿದೆ. "ನೀರು ಇಲ್ಲದ ಹಾಗೆ ಆಗುವುದಕ್ಕೆ ನಿಮ್ಮನೆಯಲ್ಲಿ ಏನೇನು ಹೇಳ್ತಾರೆ?" ಅಂತ ಕೇಳಿ ಸುಮ್ಮನೆ ನಿಂತೆ. ಮೊದಲು ಗುಸುಗುಸು. ಆಮೇಲೆ ಬೋರ್ಡು ಸಾಲಲಿಲ್ಲ. ಬಟ್ಟೆ ಒಣಗುತ್ತದೆ, ಒರೆಸಿದ ನೆಲ ಆರುತ್ತದೆ, ಕೆರೆ ಬತ್ತುತ್ತದೆ, ಮಳೆ ನೀರು ಇಂಗುತ್ತದೆ. ಕೊಂಕಣಿಯವರು ಹೇಳಿದರು: ಸುಕ್ತಾ, ಆಟ್ತಾ, ಜಿರ್ತಾ. ಸುಕ್ತಾ ಅಂದರೆ ಒಣಗುವುದು. ಆಟ್ತಾ ಅಂದರೆ ಒಲೆಯ ಮೇಲೆ ಕುದಿದು ಕಡಿಮೆಯಾಗುವುದು. ಜಿರ್ತಾ ಅಂದರೆ ಒಳಗೆ ಇಳಿಯುವುದು. ಇವುಗಳಲ್ಲಿ ಯಾವುದರಲ್ಲಿ ನೀರು ಗಾಳಿಗೆ ಹೋಯಿತು, ಯಾವುದರಲ್ಲಿ ಮಣ್ಣಿಗೆ ಹೋಯಿತು ಅಂತ ವಿಂಗಡಿಸಿ ಅಂದೆ. ಕೆರೆ ಬತ್ತಿದ್ದು ಎಲ್ಲಿಗೆ ಅಂತ ದೊಡ್ಡ ಜಗಳವಾಯಿತು. ಎರಡೂ ಕಡೆ ಅಂತ ಒಬ್ಬಳು ತೀರ್ಪು ಕೊಟ್ಟಳು. ಆಮೇಲೆ ಆವೀಕರಣ ಅಂತ ಬರೆದೆ. ಆ ಶಬ್ದಕ್ಕೆ ಕೂರಲು ಜಾಗ ಮೊದಲೇ ಸಿದ್ಧವಾಗಿತ್ತು. ಸಾಣಿಕಟ್ಟಾದ ಉಪ್ಪಿನ ಆಗರದ ಹತ್ತಿರ ಅಜ್ಜಿಮನೆ ಇರುವ ಹುಡುಗನೊಬ್ಬ ಎದ್ದು, ಆಗರದಲ್ಲಿ ಯಾರೂ ಬೆಂಕಿ ಹಾಕುವುದಿಲ್ಲ, ಬರೀ ಬಿಸಿಲು, ಗಾಳಿ ಅಂದ. ಆವಿಯಾಗಲು ಕುದಿಯಲೇಬೇಕಿಲ್ಲ ಅನ್ನುವುದನ್ನು ನಾನು ಹೇಳಬೇಕಾಗಿಯೇ ಬರಲಿಲ್ಲ.

ಮನೆಮಾತು ಎಲ್ಲ ಕಡೆ ದಾರಿ ತೋರಿಸುತ್ತದೆ ಅಂತಲ್ಲ. ಸಮುದ್ರದ ಇಳಿತಕ್ಕೆ ಇಲ್ಲಿ ಸುಕತಿ ಅನ್ನುತ್ತಾರೆ, ಏರಿಕೆಗೆ ಭರತಿ. ಸುಕತಿಯಲ್ಲೂ ಒಣಗುವುದೇ ಉಂಟು. ಹಾಗಾದ್ರೆ ಆ ನೀರೂ ಆವಿಯಾಗಿ ಹೋಯ್ತಾ ಅಂತ ಕೇಳಿದೆ. ಕ್ಲಾಸು ನಕ್ಕಿತು. ಹಾಗಾದ್ರೆ ಎಲ್ಲಿ ಹೋಯ್ತು ಅಂದರೆ ಒಬ್ಬ "ಗೋವಾಕ್" ಅಂದ. ಚಂದ್ರನ ಸುದ್ದಿಗೆ ಬರಲು ಎರಡು ಪೀರಿಯಡ್ ಬೇಕಾಯಿತು. ಅದರ ನಡುವೆ ಒಬ್ಬಳು ಆಜೊನನ್ನು, ಅಂದರೆ ಅಜ್ಜನನ್ನು, ಕೇಳಿ ಬಂದಳು. ಭರತಿ ದಿನಾ ಮುಕ್ಕಾಲು ಗಂಟೆ, ಒಂಚೂರು ಜಾಸ್ತಿ ತಡವಾಗುತ್ತದಂತೆ. ಪುಸ್ತಕದಲ್ಲಿ ಸುಮಾರು 50 ನಿಮಿಷ ಅಂತ ಉಂಟು. ನನಗೆ ನಮ್ಮಜ್ಜಿಯ ಘಳಿಗೆ ನೆನಪಾಯಿತು. ಒಂದು ಘಳಿಗೆ 24 ನಿಮಿಷ. ತಿಥಿಗೆ ಎರಡು ಘಳಿಗೆ ತಡ ಅಂತ ಹಿಡಿದರೆ 48 ನಿಮಿಷ. 30 ತಿಥಿಗೆ ಸರಿಯಾಗಿ 24 ಗಂಟೆ, ಒಂದು ಸುತ್ತು ಪೂರ್ತಿ. ಬೋರ್ಡಿನ ಮೇಲೆ ಈ ಲೆಕ್ಕ ಮಾಡುವಾಗ ನನಗೇ ಮೈ ಜುಂ ಅಂದಿತು.

ಜಡ ಶಬ್ದ ಇನ್ನೊಂದು ಕಡೆಯೂ ಸಿಕ್ಕಿತು. ಕೈಗಾ ಅಣು ವಿದ್ಯುತ್ ಸ್ಥಾವರದ ನಾಲ್ಕೂ ಘಟಕಗಳು ಭಾರಜಲ ಬಳಸುವಂಥವು. ಭಾರಜಲ ಅಂದರೆ ಏನು ಅಂತ ಕೇಳಿದರೆ ಸೊನ್ನೆ ತೆಗೆದುಕೊಂಡಿದ್ದ ಆ ಹುಡುಗ "ಜಡ ಉದಾಕ್" ಅಂದ. ಇದಕ್ಕಿಂತ ಸರಿಯಾದ ಅನುವಾದ ಯಾರು ಮಾಡಿಯಾರು? ಅದು ನಿಜವಾಗಲೂ ಮಾಮೂಲಿ ನೀರಿಗಿಂತ ಶೇಕಡಾ 11ರಷ್ಟು ಜಾಸ್ತಿ ಸಾಂದ್ರ. ಅದರ ಮಂಜುಗಡ್ಡೆ ಮಾಮೂಲಿ ನೀರಿನಲ್ಲಿ ಹಾಕಿದರೆ ಮುಳುಗುತ್ತದೆ ಅಂದಾಗ ಯಾರೂ ನಂಬಲಿಲ್ಲ. ತೋರಿಸಲು ನನ್ನ ಹತ್ತಿರ ಭಾರಜಲ ಎಲ್ಲಿಂದ ಬರಬೇಕು.

ಇದೆಲ್ಲ ಕೇಳಿ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು: "ಎಸ್ಸೆಸ್ಸೆಲ್ಸಿ ಪೇಪರಿನಲ್ಲಿ ಜಿರ್ತಾ, ಆಟ್ತಾ ಅಂತ ಬರೆದರೆ ಅಂಕ ಯಾರು ಕೊಡ್ತಾರೆ?" ಯಾರೂ ಕೊಡುವುದಿಲ್ಲ. ಅವರ ಮಾತು ಸರಿ. ಅದಕ್ಕೇ ನಾನು ಪುಸ್ತಕದ ಶಬ್ದ ಬಿಟ್ಟಿಲ್ಲ, ತಡವಾಗಿ ತರುತ್ತೇನೆ ಅಷ್ಟೇ. ವೇಲ್ಸ್ ದೇಶದಲ್ಲಿ ಕೆನ್ ವಿಲಿಯಮ್ಸ್ ಅನ್ನುವವರು 1994ರ ಹೊತ್ತಿಗೇ ಇದಕ್ಕೊಂದು ಹೆಸರು ಕೊಟ್ಟಿದ್ದರು. ಒಂದು ಭಾಷೆಯಲ್ಲಿ ಓದುವುದು, ಇನ್ನೊಂದರಲ್ಲಿ ಹೇಳುವುದು ಬರೆಯುವುದು, ಬೇಕಂತಲೇ ದಾಟಿಸುವುದು. ಒಬ್ಬ ತಾಯಿಯೂ ಬಂದಿದ್ದರು. "ಕೊಂಕಣಿ ಮನೇಲೇ ಮಾತಾಡ್ತಾನೆ ಅಕ್ಕೋರೆ, ನೀವು ಇಂಗ್ಲಿಷ್ ಕಲಿಸಿ" ಅಂದರು. ಅವರಿಗೆ ಹೇಳಲು ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಜ್ಞಾನ, ಗಣಿತಕ್ಕೆ ಎರಡು ಭಾಷೆಯ ಪುಸ್ತಕ ಬರಬೇಕು ಅನ್ನುತ್ತದೆ. ಒಳ್ಳೆಯದೇ. ಆದರೆ ನಮ್ಮಲ್ಲಿ ಆ ಎರಡು ಭಾಷೆ ಅಂದರೆ ಕನ್ನಡ, ಇಂಗ್ಲಿಷ್. ನನ್ನ ಹುಡುಗನ ಭಾಷೆ ಆ ಎರಡು ಪುಟಗಳಲ್ಲಿ ಯಾವುದರಲ್ಲೂ ಇರುವುದಿಲ್ಲ.

ನನ್ನ ನಿಜವಾದ ಕಷ್ಟ ಬೇರೆಯೇ. ಗುಂಪು ಮಾಡಿ ನಿಮ್ಮ ಮಾತಿನಲ್ಲೇ ಚರ್ಚೆ ಮಾಡಿ ಅಂದರೆ, ಅವರು ಸಂವೇಗದ ಬಗ್ಗೆ ಮಾತಾಡುತ್ತಿದ್ದಾರೋ ನಿನ್ನೆಯ ಮ್ಯಾಚಿನ ಬಗ್ಗೆಯೋ ನನಗೆ ತಿಳಿಯುವುದಿಲ್ಲ. ಎರಡನೆಯದು ಅಂತ ಎಷ್ಟೋ ಸಲ ಗ್ಯಾರಂಟಿ. ಇನ್ನೊಂದು ಇದಕ್ಕಿಂತ ದೊಡ್ಡದು. ಕ್ಲಾಸು ಕೊಂಕಣಿಗೆ ಹೊರಳಿದ ದಿನ ವಿಜಯಪುರ ಕಡೆಯ ಹುಡುಗಿ ಬಾಯಿ ಮುಚ್ಚಿ ಕೂತಿದ್ದಳು. ಒಬ್ಬನಿಗೆ ಬಾಗಿಲು ತೆಗೆಯಲು ಹೋಗಿ ಇನ್ನೊಬ್ಬಳ ಮುಖಕ್ಕೆ ಹಾಕಿದ್ದೆ. ಅದನ್ನು ಗಮನಿಸಲು ನನಗೆ ಮೂರು ವಾರ ಬೇಕಾಯಿತು.

ಹೋದ ಡಿಸೆಂಬರ್‌ನಲ್ಲಿ ಕೋಡಿಬಾಗದ ಹತ್ತಿರ ಕಾಳಿ ನದಿಯ ದಡಕ್ಕೆ ಕ್ಲಾಸನ್ನು ಕರೆದುಕೊಂಡು ಹೋದೆ. ಆ ಹುಡುಗನ ಮಾವನದ್ದು ಒಂದು ದೋಣಿ ಇತ್ತು, ಪಾತಿಗಿಂತ ದೊಡ್ಡದು. ಮೊಣಕಾಲು ಮುಳುಗುವಷ್ಟು ನೀರು. ದೋಣಿಯಲ್ಲಿ ಮಾವ ಕೂತಿದ್ದರು, ಜೊತೆಗೆ ಬಲೆಯ ರಾಶಿ. ಈ ದೋಣಿಯನ್ನು ಎತ್ತಲು ಎಷ್ಟು ಜನ ಬೇಕು ಅಂತ ಕೇಳಿದೆ. ಹತ್ತು ಅಂದರು, ಹನ್ನೆರಡು ಅಂದರು. ಸರಿ, ನೀರಿನ ಮೇಲೆ ನೂಕಲು? ವಿಜಯಪುರದ ಹುಡುಗಿಯನ್ನು ಕರೆದೆ. ಅವಳು ದೋಣಿ ಮುಟ್ಟಿದ್ದು ಅದೇ ಮೊದಲು. ಒಂದು ಕೈ ಇಟ್ಟು ಮೆಲ್ಲಗೆ ಒತ್ತಿ ಹಿಡಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ದೋಣಿ ನಿಧಾನಕ್ಕೆ ಹೊರಟಿತು. "ಏ, ಹಗರ ಐತ್ರೀ ಟೀಚರ್" ಅಂದಳು. ಮುಖ ಅರಳಿತ್ತು.

ಆಚೆ ಕಡೆಯಿಂದ ಹುಡುಗರು ಅದನ್ನು ತಿರುಗಿಸಿ ಜೋರಾಗಿ ಇವಳ ಕಡೆ ನೂಕಿದರು. ನಿಲ್ಲಿಸು ಅಂದೆ. ಎರಡೂ ಕೈ ಚಾಚಿದಳು. ದೋಣಿ ಅವಳನ್ನು ಹಿಂದೆ ಹಿಂದೆ ತಳ್ಳಿಕೊಂಡು ಬಂತು, ನಾಲ್ಕು ಹೆಜ್ಜೆ. ಕೊನೆಗೆ ಕೂತೇ ಬಿಟ್ಟಳು, ಕುತ್ತಿಗೆವರೆಗೆ ನೀರು. ಹುಡುಗರೆಲ್ಲ ಸೇರಿ "ಜಡ! ಜಡ!" ಅಂತ ಕೂಗಿದರು. ಅವಳು ಎದ್ದು ಲಂಗ ಹಿಂಡಿಕೊಂಡು, ನಗುತ್ತಾ, ಸ್ವಲ್ಪ ಸಿಟ್ಟಿನಲ್ಲೇ ನನ್ನನ್ನು ಕೇಳಿದಳು.

"ಆಗ ಒಂದ ಕೈಯಾಗ ಹೋತು. ಅದ ದ್ವಾಣಿ, ಅದ ನೀರು. ಈಗ ಹೆಂಗ ವಜ್ಜ ಆತ್ರಿ?"

ನಾನು ಬಾಯಿ ತೆರೆಯುವ ಮೊದಲೇ ಆ ಹುಡುಗ ನೀರಿಗಿಳಿದಿದ್ದ. ದೋಣಿಯ ಇನ್ನೊಂದು ತುದಿ ಹಿಡಿದು, "ವಜ್ಜ ಅಂದ್ರೆ ಎಂತ?" ಅಂತ ಅವಳನ್ನು ಕೇಳುತ್ತಿದ್ದ.